ಪ್ರೋಮೋ ನಂಬಿ ವರ್ಷದ ದುಡ್ಡು ಕಟ್ಟಬೇಡಿ

ನಮ್ಮ ಮಂಡ್ಯ ಕಡೆಯ ಕಥೆ ಅಂತ ಒಂದು ಧಾರಾವಾಹಿಯನ್ನು ಮೊದಲ ದಿನದಿಂದ ನೋಡಿಕೊಂಡು ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ನೋಡುವವರಿಗೆ ಗೊತ್ತಾಗುತ್ತದೆ. "ಕಥೆ ಮತ್ತೆ ಊರಿಗೆ ಬರ್ತಿದೆ" ಅನ್ನುವ ಪ್ರೋಮೋ ನೋಡಿ ಆ ಧಾರಾವಾಹಿ ತೋರಿಸುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನಾನು ಕಟ್ಟಿದ್ದೇನೆ. ಕಥೆ ಊರಿಗೆ ಬರಲಿಲ್ಲ.

ಶುರುವಿನಲ್ಲಿ ಅದು ಎಂಥಾ ಧಾರಾವಾಹಿ ಆಗಿತ್ತು ಅಂತ ಮೊದಲು ಹೇಳಬೇಕು. ಮಂಡ್ಯದ ಮಾತನ್ನು ಟಿವಿಯವರು ಸಾಮಾನ್ಯವಾಗಿ ನಗಿಸುವ ಪಾತ್ರಕ್ಕೆ ಮಾತ್ರ ಕೊಡುತ್ತಾರೆ. ಇದರಲ್ಲಿ ನಾಯಕಿ, ಅವಳ ಅಪ್ಪ, ಸೊಸೈಟಿ ಸೆಕ್ರೆಟರಿ ಎಲ್ಲರೂ ನಮ್ಮ ಹಾಗೇ ಮಾತಾಡುತ್ತಿದ್ದರು. ಆಲೆಮನೆಯ ಒಂದು ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಮಗಳು ಕಾಲೇಜಿನ ಫೀಸಿನ ಮಾತು ಎತ್ತುತ್ತಾಳೆ. ಅಪ್ಪ ಏನೂ ಹೇಳದೆ ಮೇಲೆ ಬಂದ ಕೊಳೆ ತೆಗೆದು ಹಾಕುತ್ತಾನೆ. ಪಾಕ ಬಂತಾ ಅಂತ ಒಂಚೂರು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಆಮೇಲೆ, "ಕಬ್ಬಿನ ಬಿಲ್ಲು ಬರ್ಲಿ ಇರವ್ವ" ಅನ್ನುತ್ತಾನೆ. ಅಷ್ಟೇ. ಹಿಂದೆ ಮ್ಯೂಸಿಕ್ಕೂ ಇಲ್ಲ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಶುರುವಾದಾಗಿನಿಂದ ಇಲ್ಲಿ ಎಷ್ಟು ಮನೆಗಳಲ್ಲಿ ಮದುವೆ, ಓದು, ಸಾಲ ಎಲ್ಲ ಕಬ್ಬಿನ ಬಿಲ್ಲಿಗೆ, ಅಂದರೆ ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ದುಡ್ಡಿಗೆ, ಕಾದು ಕೂತಿವೆಯೋ! ಆ ಒಂದು ಮಾತು ಬರೆದವರಿಗೆ ಈ ಊರು ಗೊತ್ತಿತ್ತು.

ನಾಯಕಿ ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಎಲ್ಲ ಕೆಟ್ಟಿತು. ಮುಂದಿನದು ನಿಮಗೇ ಗೊತ್ತಿರುತ್ತದೆ: ದೊಡ್ಡ ಬಂಗಲೆ, ರೇಷ್ಮೆ ಸೀರೆ ಉಟ್ಟೇ ಮಲಗುವ ಅತ್ತೆ, ಪಾಯಸದಲ್ಲಿ ವಿಷ, ಆಕ್ಸಿಡೆಂಟು, ಮರೆವು. ಬರೆಯುವವರು ಬದಲಾದರು. ಅಪ್ಪನ ಪಾತ್ರ ಮಾಡುತ್ತಿದ್ದವರು ಒಂದು ದಿನ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆದರು. ಆ ಪಾತ್ರಕ್ಕೆ ಒಂದು ಸಾವಿನ ದೃಶ್ಯವನ್ನೂ ಕೊಡಲಿಲ್ಲ. ನನಗೆ ಅದು ಇವತ್ತಿಗೂ ನೋವು.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡರೆ ಪ್ರೋಮೋಗೆ ಮರುಳಾಗುವುದು ಕಮ್ಮಿಯಾಗುತ್ತದೆ. ಬಾರ್ಕ್ ಅನ್ನುವ ಸಂಸ್ಥೆ ದೇಶದಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟು, ಯಾರು ಏನು ನೋಡಿದರು ಅಂತ ಲೆಕ್ಕ ಹಾಕುತ್ತದೆ. ಗುರುವಾರ ಗುರುವಾರ ರೇಟಿಂಗ್ ಬರುತ್ತದೆ. ಜಾಹೀರಾತಿನ ದುಡ್ಡು ಆ ಅಂಕಿಯ ಮೇಲೆ ನಿಂತಿದೆ. ವಾರಕ್ಕೆ ಆರು ದಿನ ಬರುವ ಸೀರಿಯಲ್ ಅಂದರೆ ವರ್ಷಕ್ಕೆ 300ಕ್ಕೂ ಜಾಸ್ತಿ ಸಂಚಿಕೆ. ಅಷ್ಟನ್ನು ತುಂಬಿಸಬೇಕು, ಅಂಕಿಯೂ ಬೀಳಬಾರದು. ಈ ವಾರ ಕಪಾಳಕ್ಕೆ ಹೊಡೆದ ದೃಶ್ಯಕ್ಕೆ ರೇಟಿಂಗ್ ಬಂದರೆ ಮುಂದಿನ ವಾರವೂ ಕಪಾಳಕ್ಕೆ ಹೊಡೆಯುತ್ತಾರೆ. ಆಲೆಮನೆಯಲ್ಲಿ ಸುಮ್ನೆ ನಿಂತ ಅಪ್ಪನಿಗೆ ಅಲ್ಲಿ ಜಾಗ ಉಳಿಯುವುದಿಲ್ಲ.

ಈಗ ನನ್ನ ದುಡ್ಡಿನ ವಿಷಯ. ಆ ಪ್ರೋಮೋದಲ್ಲಿ ನಾಲೆ ಏರಿ, ಕಬ್ಬಿನ ಗದ್ದೆ, ನಾಯಕಿಯ ಕೈಯಲ್ಲಿ ಮಚ್ಚು ಎಲ್ಲ ಇತ್ತು. ಟಿವಿಗಿಂತ ಮೊದಲೇ ಆ್ಯಪ್‌ನಲ್ಲಿ ನೋಡಬಹುದು ಅಂದರು. ಖುಷಿಯಲ್ಲಿ ವರ್ಷದ ಪ್ಯಾಕ್ ತಗೊಂಡೆ. ಗದ್ದೆಯ ಆ ದೃಶ್ಯವನ್ನು ನಮ್ಮ ಅತ್ತೆಯ ಜೊತೆ ಕೂತು ನೋಡಿದೆ. ಅತ್ತೆ ಬಹಳ ವರ್ಷ ಕಬ್ಬು ಕಡಿದವರು. ನಾಯಕಿ ಸೊಂಟದ ಮಟ್ಟಕ್ಕೆ ಮಚ್ಚು ಬೀಸಿ, ಅರ್ಧ ಜಲ್ಲೆಯನ್ನು ಗದ್ದೆಯಲ್ಲೇ ಬಿಟ್ಟು ನಡೆದಳು. "ಇದ್ಯಾವ್ ಕಡ್ಯಾಟ ಕಣವ್ವ, ಬುಡುಕ್ಕೆ ಹಾಕ್ಬೇಕು. ಸಿಹಿ ಇರದೇ ಬುಡುದಲ್ಲಿ" ಅಂದರು ಅತ್ತೆ. ನೆಲಮಟ್ಟಕ್ಕೆ ಕಡಿಯದಿದ್ದರೆ ಕಡಿದ ಬುಡದಿಂದ ಮತ್ತೆ ಬರುವ ಕೂಳೆ ಕಬ್ಬೂ ಚೆನ್ನಾಗಿ ಚಿಗುರುವುದಿಲ್ಲ. ಇದು ನಮ್ಮೂರ ಮಕ್ಕಳಿಗೂ ಗೊತ್ತು. ಮೊದಲ ಸಂಚಿಕೆಗಳನ್ನು ತೆಗೆದವರಿಗೂ ಗೊತ್ತಿತ್ತು. ಸ್ವಲ್ಪ ದಿನಕ್ಕೇ ಊರಿನ ಕಥೆ ಮುಗಿದು ಅದೇ ಬಂಗಲೆ, ಅದೇ ಮೆಟ್ಟಿಲು, ಅದೇ ಅಳು. ಪ್ರೋಮೋದಲ್ಲಿದ್ದ ನಾಲೆ ಏರಿ ನಾಯಕಿಯ ಕನಸಂತೆ!

ದುಡ್ಡು ವಾಪಸ್ ಕೇಳಿದೆ. ಒಮ್ಮೆ ಕಟ್ಟಿದರೆ ಕೊಡುವುದಿಲ್ಲ ಅಂತ ಉತ್ತರ ಬಂತು. ಅದಕ್ಕಿಂತ ಮುಖ್ಯ, ಚಂದಾ ಕಟ್ಟುವಾಗಲೇ ಆಟೋಪೇಗೂ, ಅಂದರೆ ಮುಂದಿನ ಸಲದ ದುಡ್ಡು ತಾನಾಗೇ ಕಡಿತ ಆಗುವುದಕ್ಕೂ, ಒಪ್ಪಿಗೆ ತಗೊಂಡಿರುತ್ತಾರೆ. ಆ್ಯಪ್ ಡಿಲೀಟ್ ಮಾಡಿದರೆ ಅದು ನಿಲ್ಲುವುದಿಲ್ಲ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಕಡೆ ಹೋಗಿ, ಪಟ್ಟಿಯಲ್ಲಿ ಅದರ ಹೆಸರು ಹುಡುಕಿ ರದ್ದು ಮಾಡಬೇಕು. ದುಡ್ಡು ಕಡಿತ ಆಗುವುದಕ್ಕೆ 24 ಗಂಟೆ ಮೊದಲು ಮೆಸೇಜ್ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಜಾಹೀರಾತಿನ ಮೆಸೇಜುಗಳ ನಡುವೆ ಅದು ಕಣ್ಣಿಗೆ ಬೀಳುವುದೇ ಕಷ್ಟ, ಅದಕ್ಕೇ ಈಗಲೇ ತೆಗೆದುಬಿಡಿ. ನಾನು ತೆಗೆದಿದ್ದೇನೆ.

ಇಷ್ಟಾದರೂ ನೋಡಲೇಬೇಕು ಅನಿಸಿದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ. ಮೊದಲ ಸಂಚಿಕೆಯಿಂದ ನೋಡಿ, ಆಲೆಮನೆ ದೃಶ್ಯವನ್ನು ಬೇಕಾದರೆ ಎರಡು ಸಲ ನೋಡಿ. ಅವಳು ಬೆಂಗಳೂರಿನ ಬಸ್ಸು ಹತ್ತುತ್ತಾಳಲ್ಲ, ಅಲ್ಲಿಗೆ ನಿಲ್ಲಿಸಿ.