ದೆಹಲಿಯ ಚಳಿಗೆ ಯಾವುದು: ಬ್ಲೋವರ್, ಆಯಿಲ್ ಹೀಟರ್, ಹಾಟ್ ಅಂಡ್ ಕೋಲ್ಡ್ ಎಸಿ?

ದೆಹಲಿಗೆ ವರ್ಗವಾಗಿದೆ, ಯಾವ ಹೀಟರ್ ಕೊಳ್ಳಲಿ ಎಂದು ಕೇಳಿದ್ದೀರಿ. ಮೊದಲು ಕರೆಂಟ್ ಬಿಲ್ಲಿನ ಮಾತು. 2,000 ವ್ಯಾಟಿನ ಬ್ಲೋವರ್ (ಫ್ಯಾನಿನಿಂದ ಬಿಸಿಗಾಳಿ ಊದುವಂಥದ್ದು) ಆಗಲಿ, ಆಯಿಲ್ ಹೀಟರ್ (ಒಳಗೆ ತುಂಬಿದ ಎಣ್ಣೆಯನ್ನು ಕರೆಂಟಿನಿಂದ ಬಿಸಿ ಮಾಡುವಂಥದ್ದು) ಆಗಲಿ, ಪೂರ್ತಿ ಓಡಿದರೆ ಗಂಟೆಗೆ 2 ಯೂನಿಟ್. ಕೊಡುವ ಶಾಖವೂ ಅಷ್ಟೇ. ಆಯಿಲ್ ಹೀಟರ್ ಕರೆಂಟ್ ಉಳಿಸುತ್ತದೆ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿಯ ಲೆಕ್ಕವೇ ಬೇರೆ: ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಎಳೆದು ಒಳಗೆ ತರುತ್ತದೆ. ಹಾಗಾಗಿ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್‌ನಷ್ಟು ಶಾಖ ಸಿಗುತ್ತದೆ.

ಆದರೆ ಬೆಲೆ ಹತ್ತಾರು ಸಾವಿರ, ಗೋಡೆಯನ್ನೂ ಕೊರೆಯಬೇಕು. ಅಲ್ಲಿನ ಬೇಸಿಗೆಗೆ ಹೇಗೂ ಎಸಿ ಬೇಕು, ಮೂರ್ನಾಲ್ಕು ವರ್ಷ ಅದೇ ಮನೆ ಅನ್ನುವವರಿಗೆ ಇದೇ ಸರಿ.

ಬಾಡಿಗೆಯ ಒಂದೇ ಕೋಣೆ, ಸ್ನಾನವಾದ ಮೇಲೆ ಹತ್ತು ನಿಮಿಷ ಬೆಚ್ಚಗಾದರೆ ಸಾಕು ಅಂದರೆ ಬ್ಲೋವರ್. ಅಗ್ಗ, ಕೂಡಲೇ ಬಿಸಿ, ಸದ್ದು ಮಾತ್ರ ಇದೆ. ಮಗುವೋ ಅಜ್ಜಿಯೋ ಮಲಗುವ ಕೋಣೆಗೆ ನಾನಾದರೆ ಆಯಿಲ್ ಹೀಟರನ್ನೇ ಇಡುತ್ತೇನೆ: ಕಾಯುವುದು ನಿಧಾನ, ಆದರೆ ಸದ್ದಿಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ.

ಯಾವ ಹೀಟರ್ ತಂದರೂ 16 ಆಂಪಿಯರ್ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತ ಬೇಡ.