ತುಕ್ಕಿನ ಮೇಲೆ ಹಾಕಿದ ವೆಲ್ಡಿಂಗ್ ನಂಬಿ ಮನೆಮಂದಿಯನ್ನು ಕೂರಿಸಬೇಡಿ

ಹಳೆಯ ಮಾರುತಿ ಓಮ್ನಿ ವ್ಯಾನ್ ಇಟ್ಟುಕೊಂಡವರು, ಅದರಲ್ಲೂ ಕರಾವಳಿ ಕಡೆಯಿಂದ ಬಂದ ಗಾಡಿ ಕೊಂಡವರು ದಯವಿಟ್ಟು ಇದನ್ನು ಓದಿ. ಹೋದ ಶೀಗಿ ಹುಣ್ಣಿಮೆಯ ದಿನ ನಮ್ಮ ಮನೆಯ ಏಳು ಜನ ಒಂದೇ ವ್ಯಾನಿನಲ್ಲಿದ್ದೆವು. ಅವ್ವ, ಅಣ್ಣ, ವೈನಿ, ಮೂವರು ಮಕ್ಕಳು. ಗಾಡಿ ನಡೆಸುತ್ತಿದ್ದವನು ನಾನು. ಮುಳಗುಂದದ ಹತ್ತಿರದ ಹೊಲದಲ್ಲಿ ಚರಗ ಚೆಲ್ಲಿ, ಬುತ್ತಿ ಉಂಡು, ಸಂಜೆ ಗದಗಿಗೆ ಮರಳುತ್ತಿದ್ದೆವು. ರಸ್ತೆಯ ಉಬ್ಬು ಕಂಡು ಬ್ರೇಕ್ ಒತ್ತಿದೆ. ಹಿಂದೆ ಎಡಗಡೆ ತೆಂಗಿನಕಾಯಿ ಒಡೆದಂತೆ ಸದ್ದಾಯಿತು. ಸ್ಟಿಯರಿಂಗ್ ನೆಟ್ಟಗೆ ಹಿಡಿದಿದ್ದರೂ ಗಾಡಿ ತಾನಾಗಿಯೇ ಬಲಕ್ಕೆ ತಿರುಗಿ, ರಸ್ತೆ ದಾಟಿ, ಆಚೆ ಬದಿಯ ಜಾಲಿ ಕಂಟಿಗೆ ನುಗ್ಗಿ ನಿಂತಿತು. ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಒಂದು ಅದೇ ಬದಿಯಲ್ಲಿ ನಮಗೆ ಎದುರಾಗಿ ಹಾದುಹೋಗಿ ಒಂದು ನಿಮಿಷವೂ ಆಗಿರಲಿಲ್ಲ. ಅವ್ವನ ಹಣೆಗೆ ಮೂರು ಹೊಲಿಗೆ ಬಿದ್ದವು. ಮಕ್ಕಳಿಗೆ ಏನೂ ಆಗಲಿಲ್ಲ.

ಸದ್ದು ಬಂದ ಆ ಜಾಗಕ್ಕೆ ಗಣಪತಿ ಹಬ್ಬ ಮುಗಿದ ವಾರವಷ್ಟೇ ವೆಲ್ಡಿಂಗ್ ಮಾಡಿಸಿದ್ದೆ.

ನಮ್ಮದು 2007ರ ಗಾಡಿ, ಕೆಎ-30, ಕಾರವಾರದ ನೋಂದಣಿ. ಅಣ್ಣ ಕೊಂಡು ತಂದಾಗ ಮೇಲಿನ ಬಣ್ಣ ಚೆನ್ನಾಗಿತ್ತು, ಎಂಜಿನ್ ಚೆನ್ನಾಗಿತ್ತು. ಉಪ್ಪುಗಾಳಿ ತಿಂದದ್ದು ಅಡಿಯಲ್ಲಿ. ಒಳಸಂದಿಗಳಿಗೆ ಒಮ್ಮೆ ಉಪ್ಪು ಸೇರಿದರೆ, ಗಾಡಿ ನಮ್ಮ ಒಣ ಸೀಮೆಗೆ ಬಂದರೂ ತುಕ್ಕು ನಿಲ್ಲುವುದಿಲ್ಲ. ಅದರ ಮೇಲೆ ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯ ಕೆಸರು ಪಾಟಾದ (ಎಲೆ ಎಲೆಯಾಗಿ ಜೋಡಿಸಿದ ಉಕ್ಕಿನ ಸ್ಪ್ರಿಂಗಿನ) ಬ್ರಾಕೆಟ್ ಒಳಗೆ ಮೆತ್ತಿಕೊಂಡರೆ ಮೇಲೆ ಒಣಗಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬಾಗಿಲು, ಮುಂಭಾಗ ತೊಳೆಯುತ್ತಿದ್ದ ನಾನು ಅಡಿಗೆ ಒಮ್ಮೆಯೂ ಪೈಪು ಹಿಡಿದಿರಲಿಲ್ಲ.

ಓಮ್ನಿಯ ಹಿಂದಿನ ಆಕ್ಸಲ್ಲು ಎರಡು ಪಾಟಾಗಳ ಮೇಲೆ ಕೂತಿರುತ್ತದೆ. ಪಾಟಾದ ಮುಂದಿನ ತುದಿ ಗಾಡಿಯ ಅಡಿಗೆ ಬೆಸೆದ ಬ್ರಾಕೆಟ್‌ನಲ್ಲಿ ಬೋಲ್ಟಿನಿಂದ ಕೂರುತ್ತದೆ. ಆಕ್ಸಲ್ಲು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಆ ಬ್ರಾಕೆಟ್ಟೇ. ಎಡಗಡೆಯದು ಹರಿದರೆ ಎಡಚಕ್ರ ಹಿಂದಕ್ಕೆ ಸರಿಯುತ್ತದೆ, ಆಕ್ಸಲ್ಲು ಓರೆಯಾಗುತ್ತದೆ, ಹಿಂದಿನ ಚಕ್ರಗಳೇ ಗಾಡಿಯನ್ನು ತಿರುಗಿಸುತ್ತವೆ. ಹಾಗಾಗಿ ಗಾಡಿ ಹೋಗುವುದು ಎದುರು ಬರುವ ವಾಹನಗಳ ಬದಿಗೆ. ಇದು ಮೊದಲೇ ತಿಳಿದಿದ್ದರೆ ಆ ಕೆಲಸಕ್ಕೆ ಅಗ್ಗದ ದರ ಕೇಳಿಕೊಂಡು ತಿರುಗುತ್ತಿರಲಿಲ್ಲ.

ವೆಲ್ಡಿಂಗ್ ಮಾಡಿದವರ ಹೆಸರು ಬರೆಯುವುದಿಲ್ಲ. ಅವರು ಗೇಟು, ಕಿಟಕಿಯ ಕೆಲಸ ಮಾಡುವವರು, ಆ ಕೆಲಸದಲ್ಲಿ ಕೈ ಒಳ್ಳೆಯದು. ಬ್ರಾಕೆಟ್ ಬುಡದಲ್ಲಿ ತಗಡು ತೂತಾಗಿತ್ತು, ಪಾಟಾದ ಮೇನ್ ಎಲೆಯಲ್ಲಿ ಸೀಳು ಬಿಟ್ಟಿತ್ತು. ವೈರ್ ಬ್ರಷ್ಷಿನಿಂದ ನಾಲ್ಕು ಸಲ ತಿಕ್ಕಿ, ತೂತಿನ ಮೇಲೆ ಪಟ್ಟಿ ಇಟ್ಟು ಸುತ್ತ ವೆಲ್ಡಿಂಗ್ ರಾಡ್ ಎಳೆದರು. ಮೇನ್ ಎಲೆಗೂ ಎಳೆದರು. ಬ್ಯಾಟರಿ ತಂತಿ ಕಳಚಲಿಲ್ಲ. ಪೆಟ್ರೋಲ್ ಪೈಪು ಕಿಡಿ ಹಾರುವ ಜಾಗದಿಂದ ಗೇಣುದ್ದವೂ ದೂರವಿರಲಿಲ್ಲ, ನನ್ನ ಮಗ ಒಳಗೇ ಕೂತಿದ್ದ. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಅರ್ಧ ತಾಸಿನಲ್ಲಿ ಕೆಲಸ ಮುಗಿದು ಮೇಲೆ ಕಪ್ಪು ಬಣ್ಣ ಬಿತ್ತು. “ಇನ್ನು ಹತ್ತು ವರ್ಷ ಚಿಂತೆಯಿಲ್ಲ ಯಜಮಾನರೆ” ಎಂದರು. ನಾನೂ ನಂಬಿದೆ.

ಮರುವಾರದಿಂದಲೇ ಗಾಡಿ ಸೂಚನೆ ಕೊಡುತ್ತಿತ್ತು. ಬ್ರೇಕ್ ಒತ್ತಿದಾಗ ಒಂದು ಟಕ್, ಕ್ಲಚ್ ಬಿಟ್ಟಾಗ ಇನ್ನೊಂದು. ನೇರ ರಸ್ತೆಯಲ್ಲೂ ಸ್ಟಿಯರಿಂಗನ್ನು ತುಸು ಎಡಕ್ಕೆ ಹಿಡಿಯಬೇಕಾಗುತ್ತಿತ್ತು. ತಿರುಗಿ ಹೋಗಿ ಕೇಳಿದರೆ ಪಾಟಾದ ಬೋಲ್ಟಿನ ಸುತ್ತಲಿನ ಬುಷ್ ಸದ್ದು ಎಂದು ಗ್ರೀಸ್ ಹಚ್ಚಿ ಕಳಿಸಿದರು. ನಿಮ್ಮ ಗಾಡಿಯಲ್ಲಿ ಈ ಟಕ್ ಸದ್ದು, ಹೀಗೆ ಬದಿಗೆ ಎಳೆಯುವುದು ಎರಡೂ ಒಟ್ಟಿಗೆ ಕಂಡರೆ ಅಲ್ಲಿಂದ ಮುಂದೆ ಓಡಿಸಬೇಡಿ. ಹಿಂಚಕ್ರಕ್ಕೂ ಮೇಲಿನ ತಗಡಿನ ಅಂಚಿಗೂ ನಡುವಿನ ಸಂದಿಗೆ ಮುಂದೊಮ್ಮೆ ಹಿಂದೊಮ್ಮೆ ಬೆರಳಿಟ್ಟು ಎಡಬಲ ಹೋಲಿಸಿ. ನಮ್ಮದರಲ್ಲಿ ಎಡಚಕ್ರ ಮೊದಲೇ ಹಿಂದಕ್ಕೆ ಸರಿಯತೊಡಗಿತ್ತು, ನಾನು ನೋಡಿರಲಿಲ್ಲ.

ಅಪಘಾತದ ಮೇಲೆ ಗಾಡಿಯನ್ನು ಹುಬ್ಬಳ್ಳಿಗೆ ಸಾಗಿಸಿದೆವು. ಅಲ್ಲಿಯ ಹಿರಿಯ ಮಿಸ್ತ್ರಿ ಕಾಕಾ ಹರಿದ ತುಂಡನ್ನು ನನ್ನ ಕೈಗೆ ಕೊಟ್ಟು ಬಿಸಿಲಿಗೆ ಹಿಡಿ ಎಂದರು. ಮೇಲೆ ಬೆಸುಗೆ ಮೀನಿನ ಪೊರೆಯಂತೆ ಸಾಲಾಗಿ, ಅಂದವಾಗಿತ್ತು. ಹರಿದ ಅಂಚು ತಿರುಗಿಸಿ ನೋಡಿದರೆ ಕಿರುಬೆರಳಿನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ತುಕ್ಕಿನ ಬಣ್ಣ. ಉಗುರಿನಿಂದ ಕೆರೆದರೆ ಹಪ್ಪಳದಂತೆ ಪದರ ಪದರವಾಗಿ ಉದುರಿತು. “ಬೆಳ್ಳಗಿರುವಷ್ಟೇ ಕೂಡಿತ್ತು ತಮ್ಮಾ, ಉಳಿದದ್ದು ತುಕ್ಕಿಗೆ ಅಂಟಿತ್ತು” ಎಂದರು. ಅವರ ಸ್ಕ್ರೂಡ್ರೈವರ್ ಪಟ್ಟಿಯ ಪಕ್ಕದ ತಗಡಿನೊಳಗೆ ಸುಮ್ಮನೆ ಒತ್ತಿದರೂ ಇಳಿಯಿತು. ಮೇನ್ ಎಲೆಯಲ್ಲಿ ಬೆಸುಗೆ ಗಟ್ಟಿಯಾಗಿಯೇ ಇತ್ತು, ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಹೊಸ ಸೀಳು. ಪಾಟಾ ಸ್ಪ್ರಿಂಗ್ ಉಕ್ಕಿನದು, ಅದಕ್ಕೆ ಇಂಗಾಲದ ಅಂಶ ಹೆಚ್ಚು, ಹದ ಕೊಟ್ಟು ಮಾಡಿದ್ದು. ಬೆಸುಗೆಯ ಕಾವಿಗೆ ಹದ ಕೆಟ್ಟು ಪಕ್ಕದ ಉಕ್ಕು ಪೆಡಸಾಗುತ್ತದೆ, ಬಾಗುವ ಬದಲು ಬಿರುಕು ಬಿಡುತ್ತದೆ. ಪಾಟಾ ಎಲೆಗೆ ಯಾರಾದರೂ ರಾಡ್ ಹಚ್ಚಲು ಬಂದರೆ ಅಲ್ಲೇ ತಡೆಯಿರಿ. ಮುಂಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ತುಕ್ಕು ತಿಂದಿದ್ದರೂ ಅಷ್ಟೇ, ಬದಲಿಸಿ. ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿದ್ದರೂ ಈ ಭಾಗಗಳು ಈಗಲೂ ಸಿಗುತ್ತವೆ.

ಬ್ರಾಕೆಟ್‌ನ ಬುಡಕ್ಕೆ ವೆಲ್ಡಿಂಗ್ ಮಾಡಬಹುದು, ಮಾಡಲೇಬೇಕಾಗುತ್ತದೆ. ಆದರೆ ಕೊಳೆತ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು, ಗಟ್ಟಿ ಲೋಹ ಸಿಗುವವರೆಗೆ ಗ್ರೈಂಡರ್ ಹಿಡಿದ ಮೇಲೆ. ರಾಡ್ ಹಚ್ಚುವ ಮೊದಲು ಆ ಬೆಳ್ಳಗಿನ ಲೋಹವನ್ನು ನಿಮ್ಮ ಕಣ್ಣಿನಿಂದ ನೋಡಿ. ತೋರಿಸಲು ಬೇಸರಪಡುವವರಿಂದ ಗಾಡಿ ಹೊರಗೆ ತನ್ನಿ. ನಾವೇ ನೋಡುವವರೆಗೆ ಬಣ್ಣ ಹಚ್ಚಲು ಬಿಡಬೇಡಿ. ಬ್ಯಾಟರಿ ಕಳಚಲಿ, ಗಾಡಿಯೊಳಗೆ ಯಾರೂ ಇರಬಾರದು, ಗ್ಯಾಸ್ ಕಿಟ್ ಇದ್ದರೆ ಅದರ ಕೆಲಸ ಬಲ್ಲವರನ್ನು ಮೊದಲು ಕರೆಯಿರಿ. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣವಾಗಿದೆ, ಇನ್ನು ಐದು ವರ್ಷ ಯೋಚನೆಯಿಲ್ಲ ಎಂದು ನಾನೂ ನಿಶ್ಚಿಂತನಾಗಿದ್ದೆ. ಕಾಗದಕ್ಕೆ ಐದು ವರ್ಷ, ತುಕ್ಕಿಗೆ ಒಂದು ಮಳೆಗಾಲ ಸಾಕು.

ಕಾಕಾ ಎಡಗಡೆಯ ಕೆಲಸ ಮುಗಿಸಿದ್ದಾರೆ: ಹೊಸ ಬ್ರಾಕೆಟ್, ಹೊಸ ಪಾಟಾ, ಹೊಸ ಬುಷ್. ಬಲಗಡೆ ಸುತ್ತಿಗೆಯಿಂದ ತಟ್ಟಿದಾಗ ಒಂದು ಕಡೆ ಟಣ್ ಎನ್ನದೆ ದಬ್ ಎಂದಿತು. ಅದನ್ನೂ ಬಿಚ್ಚಿ ನೋಡಿ ಎಂದು ಹೇಳಿದ್ದೇನೆ. ಅಲ್ಲಿಯವರೆಗೆ ಗಾಡಿ ಅವರ ಗ್ಯಾರೇಜಿನಲ್ಲೇ ಇರುತ್ತದೆ, ನಾವು ಬಸ್ಸಿಗೆ ಓಡಾಡುತ್ತಿದ್ದೇವೆ.