ಡಿಟಿಪಿ ಅಂಗಡಿ ಚೆನ್ನಾಗಿದೆ, ಶುಕ್ರಗ್ರಹದ ವಿಷಯ ಒಂದು ಬಿಟ್ಟು

ಅಂಗಡಿ ಹೆಸರು ಹಾಕಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆಯ ಒಂದು ಅಡ್ಡರಸ್ತೆ. ಕೆಳಗೆ ಮೊಬೈಲ್ ಕವರ್ ಮಾರುವವರು, ಮೆಟ್ಟಿಲು ಹತ್ತಿದರೆ ಜೆರಾಕ್ಸ್, ಲ್ಯಾಮಿನೇಷನ್, ಕನ್ನಡ ಡಿಟಿಪಿ. ಆರು ವರ್ಷದಿಂದ ನನ್ನ ಕಥೆಗಳೆಲ್ಲ ಟೈಪ್ ಆಗುವುದು ಇಲ್ಲೇ.

ನಾನು ಬರೆಯುವುದು ವೈಜ್ಞಾನಿಕ ಕಥೆ. ಅದೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೂತು. ಕುವೆಂಪು ಅವರ ಕುಪ್ಪಳಿ, ಅನಂತಮೂರ್ತಿ ಅವರ ಮೇಳಿಗೆ ಎರಡೂ ನಮ್ಮ ತಾಲ್ಲೂಕಿನವೇ, ಇಬ್ಬರಿಗೂ ಜ್ಞಾನಪೀಠ. ಇಂಥ ಕಡೆ ‘ರೋಬೋಟ್ ಕಥೆ ಬರೀತೀನಿ’ ಅಂದರೆ ಜನ ಪಾಪ ಅನ್ನುವ ಹಾಗೆ ನೋಡುತ್ತಾರೆ.

ನೀವೇ ಟೈಪ್ ಮಾಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆರೂವರೆ ತನಕ ಬರೆಯುತ್ತೇನೆ, ದಿನಕ್ಕೆ ಎರಡು ಪುಟ, ಆಮೇಲೆ ತೋಟ. ಮಳೆಗಾಲದಲ್ಲಿ ನಮ್ಮೂರಲ್ಲಿ ಆ ಹೊತ್ತಿಗೆ ಕರೆಂಟ್ ಇದ್ದರೆ ಅದೇ ಒಂದು ವೈಜ್ಞಾನಿಕ ಕಥೆ. ಹಾಗಾಗಿ ಹಾಳೆ, ಪೆನ್ನು, ಚಾರ್ಜಿಂಗ್ ಲೈಟು. ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನ ಎರಡು ಸಾಲೂ ಆಗಲ್ಲ. ಆದರೆ ಕಥೆ ಸಿಗುವುದು ಅಂಥ ದಿನಗಳಲ್ಲೇ ಜಾಸ್ತಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಕೆಳಗೆ ಇಳಿಯದೆ, ಕೂತ ಅಡಿಕೆ ಮರವನ್ನೇ ತೂಗಿಸಿ ಬಾಗಿಸಿ ಪಕ್ಕದ ಮರ ಹಿಡಿದು ದಾಟುತ್ತಾನಲ್ಲ, ಅದನ್ನು ಕೆಳಗೆ ನಿಂತು ನೋಡುವಾಗಲೇ ನನ್ನ ಗಗನಯಾತ್ರಿ ಒಂದು ನೌಕೆಯಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಅಂತ ಹೊಳೆದದ್ದು. ಅಡಿಕೆ ಮಂಡಿಗೆ ಬಂದ ದಿನ ಹಾಳೆ ಕಟ್ಟನ್ನು ಈ ಅಂಗಡಿಯಲ್ಲಿ ಕೊಟ್ಟು ಬಸ್ಸು ಹತ್ತುತ್ತೇನೆ.

ಈಗ ಕೆಲಸದ ವಿಷಯ. ಪುಟಕ್ಕೆ 30 ರೂಪಾಯಿ, ಕಡಿಮೆ ಏನಲ್ಲ. ಆದರೆ ನನ್ನ ಅಕ್ಷರ ನನ್ನ ಹೆಂಡತಿಗೇ ಅರ್ಥ ಆಗಲ್ಲ, ಇಲ್ಲಿ ಟೈಪ್ ಮಾಡುವ ಮೇಡಂ ಸಲೀಸಾಗಿ ಓದುತ್ತಾರೆ. ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಒಂದು ಫೈಲು, ಯುನಿಕೋಡ್‌ನಲ್ಲಿ ಒಂದು, ಎರಡೂ ಕೊಡುತ್ತಾರೆ. ಪ್ರೆಸ್ಸಿನವರು ಇವತ್ತಿಗೂ ಹಳೇ ನುಡಿ ಫೈಲನ್ನೇ ಕೇಳುತ್ತಾರೆ, ಸ್ಪರ್ಧೆಯವರಿಗೆ ಯುನಿಕೋಡ್ ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಒಡೆಯುತ್ತದೆ, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಒಮ್ಮೆ ಅರ್ಜೆಂಟಿಗೆ ಬೇರೆ ಕಡೆ ಮಾಡಿಸಿದ್ದೆ, ಇಡೀ ಕಥೆಯಲ್ಲಿ ‘ಸೂರ್ಯ’ ಒಂದೂ ಸರಿ ಇರಲಿಲ್ಲ. ಸೂರ್ಯನೇ ಇಲ್ಲದೆ ಗ್ರಹಗಳನ್ನು ಎಲ್ಲಿ ಸುತ್ತಿಸುವುದು? ಈ ಮೇಡಂ ಬದಲಾಯಿಸಿದ ಮೇಲೆ ಸಾಲು ಸಾಲೂ ನೋಡುತ್ತಾರೆ. 30 ರೂಪಾಯಿ ಅದಕ್ಕೇ.

ಪದ ಎಣಿಸಿಯೂ ಕೊಡುತ್ತಾರೆ. ಇದರ ಬಗ್ಗೆ ನನ್ನದೊಂದು ತಕರಾರಿದೆ, ಅಂಗಡಿ ಮೇಲಲ್ಲ. ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ 1953ರಲ್ಲಿ ಶುರುವಾದದ್ದು, ಟ್ರೋಫಿಯೇ ರಾಕೆಟ್ ಆಕಾರದ್ದು, ಚೆಂದ ಇದೆ. ಅದರಲ್ಲಿ 7,500 ಪದದ ಒಳಗಿದ್ದರೆ ಸಣ್ಣಕಥೆ, 40,000 ಮುಟ್ಟಿದರೆ ಕಾದಂಬರಿ, ನಡುವೆ ಇನ್ನೆರಡು ವಿಭಾಗ. ನಮ್ಮ ‘ಬರಬೇಕಾಗಿತ್ತಂತೆ’ ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಆ ತಕ್ಕಡಿಯಲ್ಲಿ ತೂಗಿದರೆ ಕನ್ನಡದವರಿಗೆ ಯಾವಾಗಲೂ ತೂಕ ಕಮ್ಮಿಯೇ. ಇನ್ನು ನಮ್ಮ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದಲ್ಲಿ ಕಾದಂಬರಿಗೊಂದು ವಿಭಾಗ, ವಿಜ್ಞಾನ ಸಾಹಿತ್ಯಕ್ಕೊಂದು. ನನ್ನಂಥವರು ಎರಡೂ ಮನೆ ಬಾಗಿಲಲ್ಲಿ ಒಂದೊಂದು ಚಪ್ಪಲಿ ಬಿಟ್ಟು ನಿಂತಿರುತ್ತೇವೆ.

ಸರಿ, ಶುಕ್ರ. ಆ ಗ್ರಹ ತನ್ನ ಸುತ್ತ ಒಂದು ಸಲ ತಿರುಗಲು ನಮ್ಮ 243 ದಿನ ಬೇಕು, ಸೂರ್ಯನನ್ನು ಸುತ್ತಿ ಬರಲು 225 ದಿನ ಸಾಕು. ನನ್ನ ಕಥೆ ನಿಂತಿದ್ದೇ ಈ ಲೆಕ್ಕದ ಮೇಲೆ. ಮೇಡಂ ಅದನ್ನು ಓದಿ, ವರ್ಷಕ್ಕಿಂತ ದಿನ ದೊಡ್ಡದಿರುತ್ತಾ, ಸರ್ ಏನೋ ತೂಕಡಿಸಿದ್ದಾರೆ ಅಂದುಕೊಂಡು ಎರಡೂ ಸಂಖ್ಯೆಯನ್ನು ಅದಲು ಬದಲು ಮಾಡಿಬಿಟ್ಟರು. ಕಥಾಸ್ಪರ್ಧೆಗೆ ಅವತ್ತೇ ಕೊನೇ ದಿನ, ನಾನೂ ನೋಡದೆ ಕಳಿಸಿದೆ. ಕಥೆಗೆ ಮೆಚ್ಚುಗೆ ಬಹುಮಾನ ಬಂತು! ತೀರ್ಪುಗಾರರು ‘ವೈಜ್ಞಾನಿಕ ಖಚಿತತೆ’ ಇದೆ ಅಂತ ಬೇರೆ ಹೊಗಳಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, 2,000 ರೂಪಾಯಿ. ಟೈಪಿಂಗು, ಬಸ್ಸು, ಊಟ ಕಳೆದರೆ ಉಳಿದದ್ದು ಶಾಲು. ಅಚ್ಚಾದ ಮೇಲೆ ಒಂದೇ ಒಂದು ಫೋನ್ ಬಂತು. ಯಾರೋ ಹೈಸ್ಕೂಲ್ ಮೇಷ್ಟ್ರು, ಕಾಲು ಗಂಟೆ ಬೈದರು. ನಿಜ ಹೇಳಬೇಕೆಂದರೆ ಬಹುಮಾನಕ್ಕಿಂತ ಆ ಬೈಗುಳವೇ ಖುಷಿ ಕೊಟ್ಟಿತು, ಒಬ್ಬರಾದರೂ ಲೆಕ್ಕ ಹಾಕಿ ಓದಿದ್ದಾರಲ್ಲ ಮಾರಾಯ್ರೆ.

ಅಂಗಡಿಗೆ ಹೋಗಿ ಜಗಳ ಆಡಬೇಕು ಅಂತಲೇ ಮೆಟ್ಟಿಲು ಹತ್ತಿದೆ. ನೋಡಿದರೆ ಪೇಪರಿನಲ್ಲಿ ಬಂದ ಬಹುಮಾನದ ಸುದ್ದಿ ಕತ್ತರಿಸಿ, ಲ್ಯಾಮಿನೇಟ್ ಮಾಡಿ, ರೇಟ್ ಪಟ್ಟಿಯ ಕೆಳಗೆ ತೂಗುಹಾಕಿದ್ದಾರೆ. ‘ಟೈಪಿಂಗ್: ನಮ್ಮಲ್ಲಿ’ ಅಂತ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದೆ. ಏನು ಜಗಳ ಆಡುವುದು? ಶುಕ್ರದ ವಿಷಯ ಮೆತ್ತಗೆ ಹೇಳಿದೆ. ಅವರು ನಂಬಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿದ ಮೇಲೆ ಆ ಪುಟದ 30 ರೂಪಾಯಿ ವಾಪಸ್ ಕೊಟ್ಟರು.

ಐದಕ್ಕೆ ನಾಲ್ಕು ಸ್ಟಾರ್. ಕೂರಲು ಇರುವುದು ಒಂದೇ ಸ್ಟೂಲು, ಭಾನುವಾರ ರಜೆ, ಕಾಲೇಜು ಪ್ರಾಜೆಕ್ಟ್ ಬೈಂಡಿಂಗ್ ಸಮಯದಲ್ಲಂತೂ ಆ ಕಡೆ ತಲೆ ಹಾಕಬೇಡಿ. ಕಳೆದ ವಾರ 18 ಪುಟ ಕೊಟ್ಟು ಬಂದಿದ್ದೆ. ನಿನ್ನೆ ತೋಟದಲ್ಲಿದ್ದಾಗ ಫೋನ್ ಬಂತು.

‘ಸರ್, ಗುರುಗ್ರಹದಲ್ಲಿ ದಿನಕ್ಕೆ ಹತ್ತೇ ಗಂಟೆ ಅಂತ ಬರೆದಿದ್ದೀರಲ್ಲ, ಹಾಗೇ ಬಿಡ್ಲಾ?’

‘ಬಿಡಿ’ ಅಂದೆ. ಬುಧವಾರ ಮಂಡಿಗೆ ಹೋದಾಗ ತಗೊಂಡು ಬರಬೇಕು.